ಗಾಳಿಯಲ್ಲಿದ್ದ ಟೋಪಿ

ಅರ್ಲೀನ್ ಟ್ಯಾಕೆಟ್‌ಳ ಎಡಗಣ್ಣು ಹೋದದ್ದು ಹೇಗೆ ಎಂದು ವಿಲೋ ಫೋರ್ಕಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ, ನಮ್ಮೂರಿನವರ ಬಾಯಿ ಅಂಥದ್ದು. ಒಕ್ಲಹೋಮಾದ ಈ ಕೆಂಪು ಮಣ್ಣಿನಲ್ಲಿ ಗೋಧಿಯ ವಿಷಯ ಬಿಟ್ಟರೆ ಹುಡುಗಿಯರ ಸಾಫ್ಟ್‌ಬಾಲಿನದ್ದೇ ಮಾತು, ಅದೇ ಚೆಂಡು ಹೊಡೆದು ಬೇಸು ಎಂಬ ಮೂರು ನೆಲೆ ಮುಟ್ಟಿ 'ಮನೆ'ಗೆ ಮರಳುವ ಆಟ. ಆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಅರ್ಲೀನಳ ಮುಖಕ್ಕೆ ಬಡಿದ ಆ ಒಂದು ಚೆಂಡಿನ ಹತ್ತಿರ.

ಸಾವಿರದ ಒಂಬೈನೂರ ಎಂಬತ್ತೆಂಟರ ಅಕ್ಟೋಬರ್, ಜಿಲ್ಲಾ ಫೈನಲ್. ಮೂರನೇ ಬೇಸಿನಲ್ಲಿ ಅರ್ಲೀನ್, ಅವಳ ಬೆನ್ನ ಹಿಂದೆ, ಎರಡನೇ ಮತ್ತು ಮೂರನೇ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ಜೋನೆಲ್ ಪ್ರೂಯಿಟ್. ಇಬ್ಬರಿಗೂ ಹದಿನೇಳು ವರ್ಷ, ಒಂದೇ ತಟ್ಟೆಯಲ್ಲಿ ತಿನ್ನುವಷ್ಟು ಗೆಳೆತನ. ಎದುರಾಳಿಯ ಹುಡುಗಿ ಬ್ಯಾಟನ್ನು ಅಡ್ಡ ಹಿಡಿದಳು. ಚೆಂಡನ್ನು ಸುಮ್ಮನೆ ತಟ್ಟಿ ಕಾಲ ಬುಡದಲ್ಲೇ ಬೀಳಿಸಿ ಓಡುವ ಉಪಾಯ ಅದು. ಆಗ ಮೂರನೇ ಬೇಸಿನವಳು ಮುಂದಕ್ಕೆ ನುಗ್ಗಬೇಕು, ಬ್ಯಾಟಿನಿಂದ ಹದಿಮೂರು ಹೆಜ್ಜೆಯಷ್ಟು ಹತ್ತಿರಕ್ಕೆ. ನುಗ್ಗುವವಳ ಕಣ್ಣು ಚೆಂಡಿನ ಮೇಲಿರುತ್ತದೆ. ಬ್ಯಾಟು ಹಿಡಿದವಳು ಮೋಸ ಮಾಡಿ ಕೈ ಹಿಂದಕ್ಕೆಳೆದು ಬೀಸಲು ಹೊರಟಳೋ ಎಂದು ನೋಡಬೇಕಾದವಳು ಶಾರ್ಟ್‌ಸ್ಟಾಪ್. ನೋಡಿ, "ಹಿಂದೆ!" ಎಂದು ಕಿರುಚಬೇಕು. ಆಮೇಲಷ್ಟೇ ಜಾಗ ಬಿಟ್ಟು, ಕಾಯುವವರಿಲ್ಲದ ಮೂರನೇ ಬೇಸಿಗೆ ಓಡಬೇಕು. ಇಬ್ಬರ ನಡುವೆ ಇದ್ದ ಒಪ್ಪಂದ ಇಷ್ಟೇ.

ಆ ಹುಡುಗಿ ಬೀಸಿಯೇ ಬಿಟ್ಟಳು. ಚೆಂಡು ಅರ್ಲೀನಳ ಕೆನ್ನೆಯ ಮೂಳೆ ಮುರಿದು ಮೇಲಕ್ಕೆ ಚಿಮ್ಮಿತು. ಮೂರನೇ ಬೇಸಿನ ಮೇಲಿದ್ದ ಜೋನೆಲ್ ಅದನ್ನು ಗಾಳಿಯಲ್ಲೇ ಹಿಡಿದಳು, ಎರಡನೇ ಬೇಸಿನಿಂದ ಓಡಿಬರುತ್ತಿದ್ದವಳನ್ನೂ ಮುಟ್ಟಿದಳು. ಒಂದೇ ಚೆಂಡಿಗೆ ಇಬ್ಬರು ಔಟ್! ಪಂದ್ಯ ನಮ್ಮದು. ಪತ್ರಿಕೆಯವನು ಹೊಡೆದ ಫೋಟೋ ಮರುದಿನ ಮೊದಲ ಪುಟದಲ್ಲಿ ಬಂತು. ಅದೇ ಫೋಟೋ ನೋಡಿ ಜೋನೆಲ್‌ಳನ್ನು ಕಾಲೇಜಿನವರು ಕರೆದು ಸೇರಿಸಿಕೊಂಡರು. ಅರ್ಲೀನಳಿಗೂ ಅದೇ ಕಾಲೇಜಿನಿಂದ ಪತ್ರ ಬಂದಿತ್ತು. ಒಂದು ಕಣ್ಣಿನವಳನ್ನು ಮೂರನೇ ಬೇಸಿನಲ್ಲಿ ಯಾರು ನಿಲ್ಲಿಸುತ್ತಾರೆ? ಅವಳು ಶಾಲೆಯ ಊಟದ ಮನೆಯಲ್ಲಿ ಹಿಟ್ಟು ಕಲೆಸಲು ಸೇರಿದಳು.

ಸೇರಿದವಳು ಕೊರಗಲಿಲ್ಲ. ಜೋನೆಲ್ ಓದು ಮುಗಿಸಿ ಅದೇ ಶಾಲೆಗೆ ಕೋಚ್ ಆಗಿ ಬಂದಾಗ ಊರಿಗೆಲ್ಲ ಬಿಸ್ಕತ್ತು ಮಾಡಿ ಹಂಚಿದವಳು ಅರ್ಲೀನ್. ಅಡುಗೆ ಕೆಲಸ ಮುಗಿದ ಮೇಲೆ ಮೈದಾನಕ್ಕೆ ಹೋಗುತ್ತಾಳೆ, ಪುಕ್ಕಟೆಯಾಗಿ ಹುಡುಗಿಯರನ್ನು ಅವರವರ ಜಾಗದಲ್ಲಿ ನಿಲ್ಲಿಸುತ್ತಾಳೆ. ನಿಲ್ಲಿಸುವುದು ಎಂದರೆ ಅವಳಿಗೆ ಆಟವಲ್ಲ. ಎಡಗೈ ಆಟಗಾರ್ತಿ ಬಂದರೆ ಯಾರು ಎಷ್ಟು ಸರಿಯಬೇಕು, ಮೊದಲ ಬೇಸಿನವಳು ನುಗ್ಗಿದರೆ ಆ ಬೇಸನ್ನು ಯಾರು ಕಾಯಬೇಕು, ಎಲ್ಲ ಅವಳ ಬೆರಳ ತುದಿಯಲ್ಲಿದೆ. ಪ್ರತಿ ಪಂದ್ಯಕ್ಕೆ ಮುಂಚೆ ಮೂರನೇ ಬೇಸಿನ ಮುಂದೆ ಹಿಮ್ಮಡಿಯಿಂದ ಒಂದು ಗೆರೆ ಎಳೆಯುತ್ತಾಳೆ. ಬ್ಯಾಟು ಅಡ್ಡ ಬಂದರೆ ಆ ಗೆರೆಯವರೆಗೆ ನುಗ್ಗಬೇಕು. ಊರವರು ಅದನ್ನು ಅರ್ಲೀನ್ ಗೆರೆ ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಗೆರೆ ಒಂದಂಗುಲವೂ ಕದಲಿಲ್ಲ.

ಜಿಲ್ಲಾ ಪಂದ್ಯದ ಹಿಂದಿನ ಸಂಜೆ ಹುಡುಗಿಯರನ್ನು ಗೆರೆಯ ಸುತ್ತ ಕೂರಿಸಿ ಆ ಕಥೆ ಹೇಳುವುದು ಅವಳ ರೂಢಿ. ಕೊನೆಯ ಮಾತು ಯಾವಾಗಲೂ ಒಂದೇ: "ಜೋನೆಲ್ ಕೂಗಿದ್ಲು, ನಾನು ಕೇಳಿಸ್ಕೊಳ್ಳಲಿಲ್ಲ. ನೀವು ಕೇಳಿಸ್ಕೊಳ್ಳಿ ಮಕ್ಕಳಾ." ಹೇಳಿ ಕುರುಡುಗಣ್ಣನ್ನು ತಟ್ಟಿ ತೋರಿಸುತ್ತಾಳೆ. ಹುಡುಗಿಯರು ಅಳುತ್ತಾರೆ. ಜೋನೆಲ್ ಅವಳ ಎಡಗಡೆ ನಿಂತು ಹೆಗಲ ಮೇಲೆ ಕೈ ಹಾಕಿರುತ್ತಾಳೆ. ಎಲ್ಲಿಗೆ ಹೋದರೂ ಜೋನೆಲ್ ನಡೆಯುವುದು ಅವಳ ಎಡಗಡೆಯೇ. "ಅವಳ ಆ ಕಣ್ಣು ನಾನೇ," ಎಂದು ಹೇಳಿಕೊಳ್ಳುತ್ತಾಳೆ.

ಈ ವರ್ಷ ಮೂರನೇ ಬೇಸಿಗೆ ನಿಂತವಳು ಪ್ರೆಸ್ಲಿ ಹಾಲ್‌ಕಂಬ್, ಹದಿನೈದರ ಚೂಟಿ ಹುಡುಗಿ. ಬಾಯಿಗೆ ಬ್ರೇಕೇ ಇಲ್ಲ. ಜಿಲ್ಲಾ ಪಂದ್ಯದ ಹಿಂದಿನ ಮಧ್ಯಾಹ್ನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಆ ಫೋಟೋ ಇರುವುದು ಊಟದ ಕಿಟಕಿಯ ಎದುರಿನ ಗೋಡೆಯ ಮೇಲೆ.

"ಮಿಸ್ ಅರ್ಲೀನ್, ಒಂದ್ ಡೌಟು."

"ಬೆಂಡೆಕಾಯಿ ಬೇಕೋ ಬೇಡ್ವೋ ಅದನ್ನ ಹೇಳು ಮೊದ್ಲು. ಹಿಂದಿರೋರು ನನ್ನನ್ನೇ ತಿಂದು ಹಾಕ್ತಾರೆ."

"ಹಾಕಿ, ಹಾಕಿ. ಅಲ್ಲಾ, ಈ ಫೋಟೋದಲ್ಲಿ ನಿಮ್ಮ ಟೋಪಿ ಇನ್ನೂ ಗಾಳೀಲಿದೆ. ಅಂದ್ರೆ ಚೆಂಡು ಈಗ ತಾನೇ ಬಡಿದಿದೆ. ಕೋಚ್ ಕಾಲು ಆಗ್ಲೇ ಬೇಸ್ ಮೇಲಿದೆ. ಅವ್ರು ಅಷ್ಟು ಬೇಗ ಅಲ್ಲಿಗೆ ಹೆಂಗೆ ಬಂದ್ರು?"

"ನಿನ್ನಂಗೆ ಸೋಮಾರಿ ಅಲ್ಲ ಕಣೇ ಅವಳು," ಎಂದು ಅರ್ಲೀನ್ ನಕ್ಕು ಒಂದು ಸೌಟು ಹೆಚ್ಚಿಗೆ ಬಡಿಸಿದಳು. ನಗು ತುಟಿಯ ಮೇಲಷ್ಟೇ ಇತ್ತು.

ಪಾತ್ರೆ ತೊಳೆದಾದ ಮೇಲೆ ಹಾಲಿನ ಕ್ರೇಟಿನ ಮೇಲೆ ಹತ್ತಿ ಫೋಟೋಗೆ ಮೂಗು ತಾಗಿಸಿ ನೋಡಿದಳು. ಮೂವತ್ತೊಂದು ವರ್ಷ ದಿನಾ ನೋಡಿದ ಚಿತ್ರ. ಇಷ್ಟು ದಿನವೂ ಬೀಳುತ್ತಿರುವ ತನ್ನನ್ನೇ ನೋಡಿಕೊಂಡಿದ್ದಳೇ ಹೊರತು ಹಿಂದೆ ನಿಂತವಳನ್ನು ನೋಡಿರಲಿಲ್ಲ. ಟೋಪಿ ಗಾಳಿಯಲ್ಲಿ. ಜೋನೆಲ್‌ಳ ಬಲಗಾಲು ಬೇಸಿನ ಮೇಲೆ, ನೆಟ್ಟಗೆ, ಧೂಳು ಕೂಡ ಎದ್ದಿಲ್ಲ. ಎಷ್ಟೋ ಹೊತ್ತಿನಿಂದ ಅಲ್ಲೇ ನಿಂತವಳ ಕಾಲು ಅದು. ಮೈದಾನಕ್ಕೆ ಹೋಗಿ ಶಾರ್ಟ್‌ಸ್ಟಾಪ್ ಜಾಗದಿಂದ ಬೇಸಿನವರೆಗೆ ಓಡಿ ನೋಡಿದಳು. ಹತ್ತು ಹೆಜ್ಜೆ. ಹದಿಮೂರು ಹೆಜ್ಜೆ ದೂರದ ಚೆಂಡು ಮುಖಕ್ಕೆ ಬಡಿಯಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಜಗತ್ತಿನಲ್ಲಿ ಯಾರಿಂದಲೂ ಸಾಧ್ಯವಿಲ್ಲ. ಚೆಂಡು ಎಸೆಯುವ ಮುಂಚೆಯೇ ಜೋನೆಲ್ ಜಾಗ ಬಿಟ್ಟಿದ್ದಳು. ಬ್ಯಾಟಿಗೆ ಬೆನ್ನು ತಿರುಗಿಸಿ ಓಡಿದ್ದಳು.

ಜೋನೆಲ್ ಚೆಂಡಿನ ಚೀಲ ಹೊತ್ತು ಬಂದಾಗ ಅರ್ಲೀನ್ ಬೇಸಿನ ಮೇಲೇ ನಿಂತಿದ್ದಳು.

"ಏನೇ ಇದು, ಈ ವಯಸ್ಸಲ್ಲಿ ಓಟ? ಮಂಡಿ ಕೈ ಕೊಟ್ರೆ ನಾಳೆ ಊಟ ಹಾಕೋರು ಯಾರು?"

"ಜೋನೆಲ್, ಅವತ್ತು ನೀನು ಕೂಗಿದ್ಯಾ?"

ಜೋನೆಲ್ ಚೀಲ ಕೆಳಗಿಟ್ಟಳು. "ಯಾವತ್ತು?" ಎಂದು ಕೇಳಲಿಲ್ಲ. ಅಷ್ಟರಲ್ಲೇ ಅರ್ಲೀನಳಿಗೆ ಉತ್ತರ ಸಿಕ್ಕಿಬಿಟ್ಟಿತ್ತು.

"ಅವಳು ತಟ್ಟೇ ತಟ್ತಾಳೆ ಅಂದ್ಕೊಂಡೆ ಕಣೇ. ಆ ವರ್ಷ ಪೂರ್ತಿ ತಟ್ಟಿದ್ಲು. ಕಾಲೇಜಿನವ್ರು ಬಂದು ಕೂತಿದ್ರು. ಬೇಸಿಗೆ ಬೇಗ ಹೋದ್ರೆ ಓಡಿಬರೋಳನ್ನ ಔಟ್ ಮಾಡಬಹುದು ಅಂತ..."

"ಅದು ಹದಿನೇಳರ ಹುಡುಗಿ ಮಾಡಿದ್ದು. ಅದನ್ನ ಬಿಡ್ತೀನಿ. ಆಸ್ಪತ್ರೇಲಿ?"

"ಆಸ್ಪತ್ರೇಲಿ ನಾನು ಹೇಳೋಕೇ ಬಂದಿದ್ದೆ, ದೇವರಾಣೆ. ನೀನೇ ಮೊದಲು ಬಾಯಿ ತೆಗೆದೆ. ನಾನು ಕೂಗಿದ್ದು ನಿಂಗೆ ಕೇಳಿಸ್ಲಿಲ್ಲ ಅಂದೆ. ಆಮೇಲೆ ನಂಗೆ ನಾಲಿಗೇನೇ ಹೊರಳಲಿಲ್ಲ."

"ನಾನು ನಿನ್ನ ಕೈ ಹಿಡ್ಕೊಂಡು ಕ್ಷಮಿಸು ಅಂದಿದ್ದೆ." ಎಂದಳು ಅರ್ಲೀನ್. "ನಿನ್ನ ಮಾತು ಕೇಳದೆ ನಿನ್ನ ಮೇಲೆ ಅಪವಾದ ಬರೋ ಹಾಗೆ ಮಾಡಿದೆ, ಕ್ಷಮಿಸು ಅಂದಿದ್ದೆ. ಕಣ್ಣಿಗೆ ಬಟ್ಟೆ ಕಟ್ಟಿತ್ತು ನಂಗೆ. ನೀನು ಏನಂದೆ? ಇರಲಿ ಬಿಡೇ, ಕ್ಷಮಿಸಿದೀನಿ ಅಂದೆ. ನೀನು ನನ್ನ ಕ್ಷಮಿಸಿದೆ, ಜೋನೆಲ್! ಎಂಥ ಹೆಂಗಸೇ ನೀನು!"

ಜೋನೆಲ್ ಅಳುತ್ತಿದ್ದಳು. ಅವಳು ಅತ್ತರೆ ಅಳಲಿ ಬಿಡಿ, ನನಗಂತೂ ಕರುಣೆ ಬರುವುದಿಲ್ಲ. ಅಷ್ಟೊಂದು ವರ್ಷ ಒಬ್ಬಳು ತನ್ನ ಕುರುಡುಗಣ್ಣನ್ನು ಪಾಠದ ಪುಸ್ತಕದಂತೆ ಮಕ್ಕಳ ಮುಂದೆ ತೆರೆದು ತೋರಿಸುತ್ತಿದ್ದಾಗ, ಹೆಗಲ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಲ್ಲಲು ಎದೆ ಎಷ್ಟು ಗಟ್ಟಿಯಿರಬೇಕು?

ಹುಡುಗಿಯರು ಬಂದು ರೂಢಿಯಂತೆ ಗೆರೆಯ ಸುತ್ತ ಕೂತರು. ಅರ್ಲೀನ್ ಕಥೆ ಹೇಳಿದಳು. ಅಡ್ಡ ಬಂದ ಬ್ಯಾಟು, ನುಗ್ಗಿದ್ದು, ಬಡಿದದ್ದು. ಕೊನೆಯ ಮಾತಿಗೆ ಬಂದಾಗ ನಿಂತಳು. ಈ ಸಲ ಜೋನೆಲ್ ತಂತಿ ಬೇಲಿಯ ಹತ್ತಿರ ನಿಂತಿದ್ದಳು.

"ಯಾರೂ ಕೂಗಿರಲಿಲ್ಲ," ಎಂದಳು ಅರ್ಲೀನ್. "ಇಷ್ಟು ವರ್ಷ ನಾನು ಸುಳ್ಳು ಹೇಳಿದೀನಿ ಮಕ್ಕಳಾ. ಸುಳ್ಳು ಅಂತ ಗೊತ್ತಿರಲಿಲ್ಲ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರೆಸ್ಲಿ ಮಾತ್ರ ಮೆಲ್ಲಗೆ ಕೇಳಿದಳು, "ಹಂಗಾದ್ರೆ ನಾಳೆ ನಾನು ಎಲ್ಲೀವರೆಗೆ ನುಗ್ಲಿ, ಮಿಸ್ ಅರ್ಲೀನ್?"

ಅರ್ಲೀನ್ ಹಳೆಯ ಗೆರೆಯನ್ನು ಬೂಟಿನಿಂದ ಉಜ್ಜಿ ಅಳಿಸಿದಳು. ಎರಡು ಹೆಜ್ಜೆ ಹಿಂದಕ್ಕೆ ಬಂದು ಹೊಸದಾಗಿ ಎಳೆದಳು. "ಇಲ್ಲೀವರೆಗೆ ಸಾಕು. ಬ್ಯಾಟು ಹಿಡಿದ ಕೈ ನಿನ್ನ ಕಣ್ಣಿಗೇ ಕಾಣಬೇಕು. ಹಿಂದಿನವಳು ಕೂಗಿದ್ರೆ ಸಂತೋಷ. ಕೂಗ್ತಾಳೆ ಅಂತ ನಂಬಬೇಡ."

ಮರುದಿನದ ಪಂದ್ಯ ಕೊನೆಯ ಸುತ್ತಿನವರೆಗೂ ಸಮಸಮ. ಎದುರಾಳಿಯವಳು ಬ್ಯಾಟು ಅಡ್ಡ ಹಿಡಿದು ತಟ್ಟಿದಳು, ಮೋಸವಿಲ್ಲದೆ. ಚೆಂಡು ಬಂದು ಸತ್ತು ಬಿದ್ದದ್ದು ಹಳೆಯ ಗೆರೆ ಇದ್ದ ಜಾಗದಲ್ಲೇ. ಪ್ರೆಸ್ಲಿ ಎರಡು ಹೆಜ್ಜೆ ತಡವಾಗಿ ತಲುಪಿದಳು, ಅಷ್ಟರಲ್ಲಿ ಮೂರನೇ ಬೇಸಿನಲ್ಲಿ ಕಾದಿದ್ದ ಎದುರಾಳಿ ಓಟಗಾರ್ತಿ 'ಮನೆ' ಮುಟ್ಟಿ ಗೆಲುವಿನ ರನ್ನು ಗಳಿಸಿದಳು. ಸೋತೆವು. ಬೆಂಚುಗಳ ಮೇಲೆ ಊರಿಗೆ ಊರೇ ಗೊಣಗಿತು. ಅರ್ಲೀನಳಿಗೇನು ತಲೆ ಕೆಟ್ಟಿತೇ, ಗೆರೆ ಯಾಕೆ ಸರಿಸಿದಳು ಎಂದು, ವಿಷಯ ತಿಳಿಯದೆ ನಾನೂ ಗೊಣಗಿದೆ. ಪ್ರೆಸ್ಲಿ ಮುಖ ಕಾಯುವ ಕಂಬಿಯ ಮುಖವಾಡ ತೆಗೆದು ಬಿಕ್ಕುತ್ತ ಬಂದಳು. ಅರ್ಲೀನ್ ಅವಳ ಗಲ್ಲ ಹಿಡಿದು ಎರಡೂ ಕಣ್ಣುಗಳನ್ನು ನೋಡಿದಳು, ಹಣೆಗೆ ಮುತ್ತಿಟ್ಟು ಕಳಿಸಿದಳು.

ಎಲ್ಲರೂ ಹೋದ ಮೇಲೆ ಜೋನೆಲ್ ಬಂದು ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತಳು. ಅಭ್ಯಾಸದಂತೆ ಎಡಗಡೆ.

"ಆ ಕಡೆ ಬೇಡ," ಎಂದಳು ಅರ್ಲೀನ್, ಮೈದಾನದಿಂದ ಮುಖ ತಿರುಗಿಸದೆ. "ಎದ್ದು ಬಲಗಡೆ ಬಾ. ಇನ್ಮೇಲೆ ನೀನು ನಂಗೆ ಕಾಣೋ ಕಡೆ ಕೂತ್ಕೋಬೇಕು."