ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಗಿನಿಂದ ಮೋಡ ಕವಿದಿತ್ತು; ಸಂಜೆ ನಾಲ್ಕು ಹನಿ ಬಿದ್ದು ನಿಂತಿತು.

ಕೈಗಡಿಯಾರ ರಿಪೇರಿಯವಳಿಗೆ ಮೂವತ್ತೊಂದು ವರ್ಷ. ದೇಹವು ತನ್ನದೇ ಅಂಡಾಶಯದ ಮೇಲೆ ಹಗೆ ಸಾಧಿಸುತ್ತಿದೆಯೆಂದು ಚಳಿಗಾಲದಲ್ಲಿ ತಿಳಿದುಬಂದಿತ್ತು. "ಇನ್ನೊಂದು ವರ್ಷ ಬಿಟ್ರೆ ಏನೂ ಉಳೀದೆ ಇರ್ಬಹುದು. ಇರೋ ಅಂಡಾಣುಗಳನ್ನ ಈಗ್ಲೇ ತೆಗೆದು ಫ್ರೀಜ್ ಮಾಡಿಡೋಣ," ಎಂದಿದ್ದರು ಡಾಕ್ಟರಮ್ಮ. ಮದುವೆಯ ಮಾತಿನ್ನೂ ಎದ್ದಿರಲಿಲ್ಲ. ಮಗುವಿನ ಆಸೆ ಮಾತ್ರ ಎಂದಿನಿಂದಲೋ ಇತ್ತು.

ಹತ್ತು ದಿನ ತಾನೇ ಹೊಟ್ಟೆಗೆ ಸೂಜಿ ಚುಚ್ಚಿಕೊಂಡಳು. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಕೈಗೆ ಅದು ಕಷ್ಟವಾಗಲಿಲ್ಲ. ಸ್ಕ್ಯಾನಿನಲ್ಲಿ ನಾಲ್ಕು ಅಂಡಾಣುಗಳ ಸುಳಿವು ಸಿಕ್ಕಿತ್ತು. ಕೊನೆಯ ಚುಚ್ಚುಮದ್ದಿಗೆ ಮಾತ್ರ ಹೊತ್ತು ಗೊತ್ತುಮಾಡಿದ್ದರು: ಈ ಸಂಜೆ ಏಳೂವರೆ. ಅಲ್ಲಿಂದ ಮೂವತ್ತಾರು ಗಂಟೆಗೆ ಅಂಡಾಣು ತೆಗೆಯಬೇಕು; ಲೆಕ್ಕ ತಪ್ಪಿದರೆ ನಾಲ್ಕೂ ಕೈಬಿಟ್ಟು ಹೋದಾವು.

ಅಮ್ಮನಿಗೆ ಬಸ್ಸು ತಪ್ಪದಿರಲೆಂದು ಮನೆಯ ಗೋಡೆ ಗಡಿಯಾರ ಸದಾ ಇಪ್ಪತ್ತು ನಿಮಿಷ ಮುಂದಿರುತ್ತಿತ್ತು. ಅದನ್ನು ಬೆಳಿಗ್ಗೆಯೇ ಸರಿಪಡಿಸಿ, ಅಮ್ಮನಿಗೆ ಹೇಳಲು ಮರೆತು ಅಂಗಡಿಗೆ ಹೋದಳು. ಸಂಜೆ ಬಂದು ಅದೇ ಗಡಿಯಾರ ನೋಡಿ, ಸರಿಯಾಗಿ ಏಳೂವರೆಗೆ ಚುಚ್ಚಿಕೊಂಡಳು. ಹತ್ತಿ ಒತ್ತಿಕೊಂಡು ಚಾರ್ಜಿಗಿಟ್ಟ ಫೋನಿನತ್ತ ತಿರುಗಿದರೆ, ಏಳು ಹತ್ತು!

"ಅಮ್ಮಾ, ಗಡಿಯಾರ ಮುಟ್ಟಿದ್ಯಾ?"

"ಹ್ಞೂಂ ಕಣೇ. ಹಿಂದೆ ಬಿದ್ದಿತ್ತು, ಸರಿ ಮಾಡ್ದೆ."

"ನಾನು ಸರಿ ಮಾಡಿದ್ದನ್ನ ಮತ್ತೆ ಸರಿ ಮಾಡಿದ್ಯಾ!"

"ಊರೋರ ಗಡಿಯಾರಕ್ಕೆಲ್ಲ ಚೀಟಿ ಬರ್ದು ಕಟ್ತೀಯ, ನಂಗೊಂದು ಮಾತು ಹೇಳ್ಬಾರ್ದಾ?" ಎಂದ ಅಮ್ಮನ ಮುಖ ಮರುಗಳಿಗೆಯೇ ಬಿಳಿಚಿತು.

ಆಸ್ಪತ್ರೆಗೆ ಫೋನು ಮಾಡಿದಾಗ ನರ್ಸಮ್ಮ ನಕ್ಕರು. "ಗಡಿಯಾರದೋರ ಮನೇಲೇ ಹೀಗಾ! ಚುಚ್ಕೊಂಡಿದ್ದು ಎಷ್ಟೊತ್ತಿಗೆ ಅಂತ ಖಚಿತವಾಗಿ ಹೇಳಿದ್ರಲ್ಲ, ಸಾಕು. ಗುರುವಾರ ಬೆಳಿಗ್ಗೆ ನಿಮ್ಮನ್ನ ಏಳು ಹತ್ತಕ್ಕೇ ತಗೋತೀವಿ."

ಹದಿಮೂರು, ಗುರುವಾರ. ಒಳ್ಳೆಯ ಬಿಸಿಲು. ನಾಲ್ಕೂ ಸಿಕ್ಕವು. ಬಲಿತಿದ್ದ ಮೂರನ್ನು ಫ್ರೀಜ್ ಮಾಡಿದರು.

"ಮೂರರಲ್ಲಿ ಮಗು ಆಗೇ ಆಗುತ್ತೆ ಅಂತ ಮಾತು ಕೊಡಲ್ಲಮ್ಮ."

"ಇವೆಯಲ್ಲ ಡಾಕ್ಟ್ರೇ, ಸದ್ಯಕ್ಕೆ ಅಷ್ಟೇ ಸಾಕು."

ಮನೆಗೆ ಬಂದೊಡನೆ ಅಮ್ಮ ಸ್ಟೂಲು ಎಳೆದು ಗಡಿಯಾರಕ್ಕೆ ಕೈಚಾಚಿದರು. "ಹಿಂದಕ್ಕೆ ತಿರುಗಿಸ್ಲಾ?"

"ಬೇಡ ಬಿಡಮ್ಮ, ನಿನ್ನ ಬಸ್ಸು ತಪ್ಪುತ್ತೆ," ಎಂದು ಅವಳು ದಿಂಬಿಗೊರಗಿ ನಕ್ಕಳು.

ಖರ್ಚಾದದ್ದು: ಸೂಜಿ ಹನ್ನೊಂದು, ಅಂಗಡಿಗೆ ರಜೆ ಒಂದು ದಿನ, ಅವಳ ಮೂರು ವರ್ಷದ ಉಳಿತಾಯ ಪೂರ್ತಿ.