ಬಲಕ್ಕೆ ಬಿದ್ದ ಹೂ

ಹಿರಿಯೂರು ಬಸ್‌ಸ್ಟ್ಯಾಂಡಿನ ಪಕ್ಕ, ಅಮ್ಮನ ಗುಡಿಯ ಕಟ್ಟೆಯ ಮೇಲೆ ಕೂತಿದ್ದೇನೆ. ಬೆಂಗಳೂರಿನ ಕಾಮಿಕ್ಸ್ ಮೇಳದಲ್ಲಿ ನಾಳೆ, ನಾಡಿದ್ದು ನನಗೂ ಒಂದು ಮೇಜು ಕೊಟ್ಟಿದ್ದಾರೆ. ನಾನೇ ಚಿತ್ರ ಬರೆದು ಅಚ್ಚು ಹಾಕಿಸಿದ ಪುಸ್ತಕಗಳ ಪೆಟ್ಟಿಗೆ ಕಾಲ ಬಳಿ ಇದೆ. ಬಸ್ಸು, ಲಾಡ್ಜು ಎರಡನ್ನೂ ಮೊಬೈಲಿನಲ್ಲೇ ಬುಕ್ ಮಾಡಿದ್ದೆ. ಬಸ್ ಹತ್ತಿಸಲು ಹೊಸದುರ್ಗದ ಮನೆಯಿಂದ ನನ್ನ ಜೊತೆ ಬಂದ ಅವ್ವ, ದೇವಿಯ ಹೂ ಕೇಳದೆ ಕಳಿಸುವುದಿಲ್ಲ ಎಂದಳು. ದೇವಿಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ.

“ಒಂದೊಂದೇ ಕೇಳ್ರಿ,” ಎಂದರು ಪೂಜಾರಿ.

ಅವ್ವ ಮೊದಲು ಪ್ರಯಾಣ ಕೇಳಿದಳು. ಸೇವಂತಿಗೆ ಬಲಕ್ಕೆ ಬಿತ್ತು. ನಾನು ಪೆಟ್ಟಿಗೆ ಎತ್ತಿದೆ.

“ತಡಿಯೇ, ಲಾಡ್ಜ್ ಕೇಳಿಲ್ಲ ಇನ್ನಾ.”

ಮತ್ತೆ ಕೈಮುಗಿದಳು. “ಮೂರನೇ ಮಹಡಿ ತಾಯಿ, ಒಳಗಿಂದ ಚಿಲಕನೂ ಐತಂತೆ,” ಎಂದು ದೇವಿಗೆ ನನ್ನ ಪರವಾಗಿಯೇ ಶಿಫಾರಸು ಮಾಡಿದಳು.

ಹೂ ಎಡಕ್ಕೆ ಬಿತ್ತು.

“ಇನ್ನೊಂದ್ ಸಲ ಕೇಳವ್ವ.”

“ದೇವ್ರನ್ನ ಎರಡೆರಡು ಸಲ ಕೇಳಬಾರ್ದು.”

ಹೊರಗೆ ನನ್ನ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು. ಅವ್ವ ಬಲಕ್ಕೆ ಬಿದ್ದ ಹೂವನ್ನು ನನ್ನ ಜಡೆಗೆ ಸಿಕ್ಕಿಸಿದಳು. ಪ್ರಯಾಣಕ್ಕೆ ಸಿಕ್ಕ ಅಪ್ಪಣೆಯನ್ನು ಮುಡಿದುಕೊಂಡು ಹೊಸದುರ್ಗದ ಬಸ್ಸಿಗೆ ಕಾಯುತ್ತಿದ್ದೇನೆ.