ತಂದೆಗೆ ಪತ್ರ: ಐದು ಅಂಕ

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳಲ್ಲಿ ನಾನು ಹೊಸಪೇಟೆಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಊರೆಲ್ಲ ಕೆಂಪು ಧೂಳು. ಉತ್ತರಪತ್ರಿಕೆಗಳನ್ನು ತಿದ್ದುವ ಮೊದಲು ಒಮ್ಮೆ ಕೊಡವಬೇಕಾಗುತ್ತಿತ್ತು. ಧೂಳಿಗೆ ಒಗ್ಗಿಕೊಂಡೆ, ಆ ಪತ್ರಿಕೆಗಳೊಳಗಿನ ಕನ್ನಡಕ್ಕೆ ಮಾತ್ರ ಒಗ್ಗಲಿಲ್ಲ.

ಮಕ್ಕಳ ಕೈಗೆ ಮೊಬೈಲ್ ಬಂದಿತ್ತು. ಅದರಲ್ಲಿ ಕುಟ್ಟುವ ತುಂಡು ಮಾತುಗಳೇ ಪರೀಕ್ಷೆಗೂ ಬಂದು ಕೂತವು. ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದಿದ್ದವಳು ಸಂಡೂರಿನ ಒಬ್ಬ ಹುಡುಗಿ. ಅವಳಪ್ಪನಿಗೆ ನಾಲ್ಕು ಲಾರಿಗಳಿದ್ದವು. ಓದು ಬಾರದ ಆತನಿಗೆ ಸಹಿಯೊಂದನ್ನು ಮಾತ್ರ ಹಾಕಲು ಬರುತ್ತಿತ್ತು. ಹಾಗಾಗಿ ಡ್ರೈವರುಗಳಿಗೆ ಮೆಸೇಜ್ ಕಳಿಸುವ ಕೆಲಸ ಮಗಳದು. ನಾನು ಹಳಗನ್ನಡ ಪದ್ಯ ಓದುತ್ತಿದ್ದರೆ ಅವಳು ಬೆಂಚಿನ ಕೆಳಗೆ ಲಾರಿ ಓಡಿಸುತ್ತಿದ್ದಳು.

ವಿಜಯನಗರದ ವೈಭವವನ್ನು ಎರಡು ಪುಟಗಳಲ್ಲಿ ವಿವರಿಸಿ ಎಂದರೆ ಅವಳು ಬರೆದದ್ದು ಇಷ್ಟು: “ಮೊದ್ಲು ಮಸ್ತ್ ಇತ್ತು. ಮುತ್ತು, ರತ್ನ ಬೀದೀಲಿ ಸೇಲ್. ಆಮೇಲೆ ಯುದ್ಧ. ಈಗ ಕಲ್ಲು ಮಾತ್ರ.” ಕವಿತೆಯ ಭಾವಾರ್ಥ ಕೇಳಿದರೆ, “ಕವಿಗೆ ಬೇಜಾರು. ಕಾರಣ ಗೊತ್ತಿಲ್ಲ. ಗೊತ್ತಾದ್ರೆ ತಿಳಿಸಿ.” ಒಂದೂ ಸುಳ್ಳಲ್ಲ ಎನ್ನುವುದೇ ನನ್ನ ಸಿಟ್ಟನ್ನು ಇಮ್ಮಡಿಗೊಳಿಸುತ್ತಿತ್ತು.

ಒಂದು ದಿನ ಅವಳ ಮೊಬೈಲ್ ಕಿತ್ತುಕೊಂಡು ಸ್ಟಾಫ್ ರೂಮಿನ ನನ್ನ ಡ್ರಾಯರಿನಲ್ಲಿಟ್ಟೆ. ಅದು ಸುಮ್ಮನಿರಲಿಲ್ಲ. ತೆಗೆದು ನೋಡಿದರೆ ಯಾವನೋ ಡ್ರೈವರ್: “ಲೋಡ್ ಆತು. ಎಲ್ಲಿಗೆ?” ಇವನಿಗೂ ಒಂದಿಷ್ಟು ಕನ್ನಡ ಕಲಿಸೋಣ ಎನ್ನುವ ಹುಕಿ ಬಂತು. ಇಂಗ್ಲಿಷ್ ಅಕ್ಷರಗಳನ್ನೇ ಒತ್ತಿ ಒತ್ತಿ, ಇಡೀ ಒಂದು ಪೀರಿಯಡ್ ಕಳೆದು ಕಳಿಸಿದೆ: “ಮಾನ್ಯರೇ, ತಾವು ಪ್ರಸ್ತುತ ಎಲ್ಲಿರುವಿರಿ? ತಮ್ಮ ವಾಹನದಲ್ಲಿರುವ ಸರಕಿನ ವಿವರಗಳನ್ನು ಸವಿಸ್ತಾರವಾಗಿ ತಿಳಿಸತಕ್ಕದ್ದು.”

ಉತ್ತರ ಬರಲಿಲ್ಲ. ಮಧ್ಯಾಹ್ನ ಹುಡುಗಿಯ ಅಪ್ಪ, ಫೋನ್ ನನ್ನ ಬಳಿ ಇದೆಯೆಂದು ಮಗಳಿಂದ ತಿಳಿದು, ಏದುಸಿರು ಬಿಡುತ್ತ ಬಂದ.

“ಮೇಡಂರೀ, ನಿಮ್ ಕನ್ನಡ ಓದಿ ನಮ್ ಡ್ರೈವರ್ ಗಾಡಿ ಬಿಟ್ಟು ಓಡಿ ಹೋಗ್ಯಾನ್ರೀ! ಯಾರೋ ಗಣಿ ಆಫೀಸರ್ ರೇಡಿಗೆ ಬಂದು ಫೋನ್ ಹಿಡ್ಕಂಡಾರ ಅಂತ ತಿಳ್ದಾನ. ಗಾಡಿ ನಡುರೋಡಿನ್ಯಾಗ ನಿಂತೈತಿ. ಹಿಂದ ಎಲ್ಲಾ ಜಾಮ್!”

ಮೂವತ್ತು ಮಂದಿಯ ತರಗತಿ ನನ್ನ ಕನ್ನಡಕ್ಕೆ ಹೆದರಿದ್ದಿಲ್ಲ. ಕೊನೆಗೂ ಒಬ್ಬ ಹೆದರಿದನಲ್ಲ ಎಂದು ಒಳಗೊಳಗೇ ಖುಷಿಯಾಯಿತು, ನಾಚಿಕೆಯೂ ಆಯಿತು. ಮೊಬೈಲ್ ತೆಗೆದುಕೊಟ್ಟು, ನಿಮ್ಮ ಮಗಳ ಬರವಣಿಗೆ ಕೆಟ್ಟು ಕೆರ ಹಿಡಿದಿದೆ ಎಂದೆ. ಆತ ನಕ್ಕುಬಿಟ್ಟ.

“ಅಕಿಗೆ ಇಷ್ಟು ಕನ್ನಡ ಸಾಕ್ರೀ. ಕಂಪ್ಲಿ ಕಡೆ ಗಂಡು ನೋಡೇವಿ, ರೈಸ್‌ಮಿಲ್ ಐತಿ. ಪರೀಕ್ಷೆ ಮುಗಿದ ಕೂಡ್ಲೇ ಮದುವಿ.”

“ಅವಳನ್ನ ಕೇಳಿದೀರಾ?”

“ಕೇಳೀನ್ರೀ. ಓಕೆ ಅಂದಾಳ.”

ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು. ಮೊಬೈಲ್ ಈಸಿಕೊಂಡು ತಲೆ ತಗ್ಗಿಸಿ ಹೋದಳು. ಬೇರೆಯವರ ಮನೆಯ ವಿಷಯ ನನಗೇಕೆಂದು ನಾನೂ ಸುಮ್ಮನಾದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ಮುಂದಿನ ತಿಂಗಳು ಪೂರ್ವಸಿದ್ಧತಾ ಪರೀಕ್ಷೆ. ಅದರಲ್ಲೊಂದು ಐದು ಅಂಕದ ಪ್ರಶ್ನೆಯಿತ್ತು: ಪ್ರವಾಸಕ್ಕೆ ಅನುಮತಿ ಕೋರಿ ತಂದೆಗೆ ಪತ್ರ ಬರೆಯಿರಿ. ಬೇರೆಲ್ಲ ಪ್ರಶ್ನೆಗಳಿಗೆ ಎಂದಿನಂತೆ ಎರಡೆರಡು ಸಾಲು ಗೀಚಿದ್ದ ಹುಡುಗಿ ಈ ಒಂದಕ್ಕೆ ನಾಲ್ಕು ಹಾಳೆ ತುಂಬಿಸಿದ್ದಳು. ಓದಿದೆ. ಪ್ರವಾಸದ ಸುದ್ದಿಯೇ ಇಲ್ಲ. ಪ್ರಶ್ನೆಗೆ ತಕ್ಕ ಉತ್ತರವಲ್ಲ ಎಂದು ಸೊನ್ನೆ ಹಾಕಿದೆ. ಆ ಹೊತ್ತಿಗೆ ನನಗೆ ಮಾಡಲು ತೋಚಿದ್ದು ಅದೊಂದೇ.

ತಿದ್ದಿದ ಪತ್ರಿಕೆಯ ಮೊದಲ ಪುಟಕ್ಕೆ ಪಾಲಕರು ಬಂದು ಸಹಿ ಹಾಕಬೇಕೆನ್ನುವುದು ನಮ್ಮ ಕಾಲೇಜಿನ ನಿಯಮ. ಆತ ಬಂದು ಪೆನ್ ಕೇಳಿದ. ಸಹಿಗೆ ಮೊದಲು ಇದೊಂದನ್ನು ಕೇಳಿ ಎಂದು ಕೂರಿಸಿ ಓದತೊಡಗಿದೆ.

“ತೀರ್ಥರೂಪ ಅಪ್ಪಾಜಿಯವರಿಗೆ ನಮಸ್ಕಾರಗಳು. ನಾನು ಕ್ಷೇಮ ಎಂದು ಬರೆಯಬೇಕು, ಆದರೆ ಕ್ಷೇಮವಾಗಿಲ್ಲ. ಕಂಪ್ಲಿಯ ಹುಡುಗ ಒಳ್ಳೆಯವನೇ ಇರಬಹುದು, ಅವರ ಮಿಲ್ಲೂ ಒಳ್ಳೆಯದೇ ಇರಬಹುದು. ನನಗೆ ಇನ್ನೂ ಓದಬೇಕು. ನೀವು ಕೇಳಿದಾಗ ಓಕೆ ಎಂದೆ. ನೀವು ಗಾಡಿ ಹತ್ತುವ ಅವಸರದಲ್ಲಿದ್ದಿರಿ, ಅಷ್ಟು ಹೊತ್ತಿನಲ್ಲಿ ಅದಕ್ಕಿಂತ ಉದ್ದದ ಮಾತು ಬರಲಿಲ್ಲ…”

ನಾಲ್ಕೂ ಹಾಳೆ ಓದಿ ಮುಗಿಸುವಷ್ಟರಲ್ಲಿ ಆತನ ಜೇಬಿನಲ್ಲಿ ಎರಡು ಸಲ ಫೋನ್ ಹೊಡೆದುಕೊಂಡಿತು, ಮುಟ್ಟಲಿಲ್ಲ.

“ಇದಕ್ಕ ಎಷ್ಟು ಕೊಟ್ಟೀರಿ?” ಎಂದು ಕೇಳಿದ.

“ಸೊನ್ನೆ. ಪ್ರಶ್ನೆ ಕೇಳಿದ್ದು ಪ್ರವಾಸಕ್ಕೆ ಅನುಮತಿ.”

“ಪ್ರವಾಸಕ್ಕೂ ಹೋಗ್ಲಿ ಬಿಡ್ರೀ,” ಎಂದು ಪೆನ್ ಎತ್ತಿಕೊಂಡ. ಮೊದಲ ಪುಟ ಬಿಟ್ಟು ಪತ್ರದ ಹಾಳೆಗಳನ್ನೇ ಮುಂದಕ್ಕೆಳೆದುಕೊಂಡು, ಒಂದೊಂದರ ಕೆಳಗೂ ನಿಧಾನವಾಗಿ, ಅಕ್ಷರ ಕೂಡಿಸಿ ಕೂಡಿಸಿ ಸಹಿ ಹಾಕಿದ. ಅಲ್ಲಲ್ಲ, ಒಂದೇ ಸಾಕು, ಅದೂ ಮೊದಲ ಪುಟಕ್ಕೆ ಎಂದೆ.

“ಇರ್ಲಿರೀ ಮೇಡಂರ. ನಮ್ಮಪ್ಪ ಇದೊಂದು ಹಾಳಿಗೆ ಒಪ್ಪಿಲ್ಲ ಅಂತ ಅಕಿ ಅನ್ಬಾರ್ದು ನೋಡ್ರಿ.”